ಸ್ಪ್ಯಾನಿಷಿನಲ್ಲಿ ನಡೆಯುತ್ತಿದ್ದ ಯಜಮಾನರು

ಮನೆಯಲ್ಲಿ ಪರೀಕ್ಷೆ ಬರೆಯುವುದು ಒಬ್ಬರೇ ಆದರೂ ಓದುವುದು ಮಾತ್ರ ಎಲ್ಲರೂ. ಮಕ್ಕಳನ್ನು ಓದಿಸಿದ ಯಾವ ತಾಯಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ನಾನು ಹತ್ತನೆಯ ತರಗತಿಯನ್ನು ಒಮ್ಮೆ ಕಾರ್ಕಳದಲ್ಲಿ ನನಗಾಗಿ ಪಾಸು ಮಾಡಿದೆ, ಇನ್ನೊಮ್ಮೆ ಉಡುಪಿಯಲ್ಲಿ ಮಗಳಿಗಾಗಿ. ಎರಡನೆಯ ಸಲ ಅಂಕ ಹೆಚ್ಚು ಬಂತು ಎಂಬುದು ನನ್ನ ಗುಟ್ಟಿನ ಹೆಮ್ಮೆ, ಅಂಕಪಟ್ಟಿಯಲ್ಲಿ ಇರುವುದು ಅವಳ ಹೆಸರೇ ಆದರೂ. ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ಉತ್ತರ ಸರಿಯುಂಟೋ ಎಂದು ಸಾಲಿನ ಮೇಲೆ ಬೆರಳಿಟ್ಟು ನೋಡುವುದು, ನಡುವೆ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬರುವುದು, ಇಷ್ಟೇ ನನ್ನ ವಿದ್ಯಾಭ್ಯಾಸ. ಹೀಗೆ ನಾನು ಕಪ್ಪೆಯ ಹೃದಯದೊಳಗೆ ಎಂತ ಉಂಟು ಎಂಬುದನ್ನೂ ಪಾಣಿಪತದಲ್ಲಿ ಯಾರು ಯಾರೊಡನೆ ಹೊಡೆದಾಡಿದರು ಎಂಬುದನ್ನೂ ಕಲಿತು, ಪರೀಕ್ಷೆ ಮುಗಿದ ಮರುದಿನ ಮರೆತಿದ್ದೇನೆ. ಕಲಿಸಿದ್ದಕ್ಕೂ ಮರೆಸಿದ್ದಕ್ಕೂ ಕೃಷ್ಣದೇವರಿಗೆ ಋಣಿ. ಎಲ್ಲವೂ ನೆನಪಿನಲ್ಲಿ ಉಳಿದಿದ್ದರೆ ಉಪ್ಪಿನಕಾಯಿಯ ಅಳತೆಗೆ ತಲೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಮಗಳು ಶ್ರಾವ್ಯ ಮಣಿಪಾಲದಲ್ಲಿ ಕಾಲೇಜಿಗೆ ಸೇರಿದ ಮೇಲೆ ನನಗೆ ನಿವೃತ್ತಿ ಸಿಕ್ಕಿತು ಎಂದುಕೊಂಡಿದ್ದೆ. ಆದರೆ ಅವಳು ಸ್ಪ್ಯಾನಿಷ್ ಭಾಷೆ ತೆಗೆದುಕೊಂಡಳು. ಆ ದೇಶ ನೋಡುವ ಆಸೆಯಿಂದಲೋ ಕೆಲಸ ಸಿಗುತ್ತದೆ ಎಂದೋ ಅಲ್ಲ. ಉಳಿದ ವಿಷಯಗಳ ತರಗತಿ ಬೆಳಿಗ್ಗೆ ಬೇಗ ಇತ್ತಂತೆ, ಇದೊಂದು ಮಾತ್ರ ಮಧ್ಯಾಹ್ನ ಊಟವಾದ ಮೇಲೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತ ಕನ್ನಡ, ಪಕ್ಕದ ಮನೆಯವರ ಜೊತೆ ಕೊಂಕಣಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ನಾಲಿಗೆಗೆ ಬಿಡುವಿಲ್ಲದ ಊರು ನಮ್ಮದು. ಅದರ ಮೇಲೆ ಇದು ಬೇರೆ. ಪುಸ್ತಕ ಮತ್ತೆ ನನ್ನ ಕೈಗೆ ಬಂತು. ಓದಲು ಬಾರದ ಭಾಷೆಯ ಪುಸ್ತಕ ಹಿಡಿದು ನಾನೆಂತ ಮಾಡಲಿ ಎಂದರೆ, ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಿಂದ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು. ಅಕ್ಷರ ನಮ್ಮದೇ ಆದ ಮೇಲೆ ಭಾಷೆಗೆ ಹೆದರುವುದೆಂತಕ್ಕೆ, ನಾನೂ ಕೂತೆ.

ಅದೇ ಹೊತ್ತಿಗೆ ಇವರ ಮೊಣಕಾಲಿನ ಆಪರೇಷನ್ ಆಗಿತ್ತು. ಇವರು ಎಂದರೆ ನಮ್ಮ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕುಂಜಿಬೆಟ್ಟಿನ ನಮ್ಮ ಮನೆಯಿಂದ ರಥಬೀದಿಯವರೆಗೆ ಬೆಳಿಗ್ಗೆ ನಡೆದೇ ಹೋಗಿ, ಕಿಂಡಿಯಲ್ಲಿ ಕೃಷ್ಣನ ಮುಖ ನೋಡಿ, ನನಗೊಂದು ಚೆಂಡು ಮಲ್ಲಿಗೆ ತೆಗೆದುಕೊಂಡು ನಡೆದೇ ಹಿಂದೆ ಬರುವುದು ಅವರ ಕ್ರಮ. ಬಸ್ಸಿನವರು ಪಕ್ಕದಲ್ಲೇ ನಿಲ್ಲಿಸಿ ಕರೆದರೂ ಹತ್ತಿದವರಲ್ಲ. ಅಷ್ಟು ನಡೆದದ್ದಕ್ಕೋ ಏನೋ ಒಂದು ಮೊಣಕಾಲು ಪೂರ್ತಿ ಸವೆದುಹೋಯಿತು. ಆಪರೇಷನ್ ಮಣಿಪಾಲದಲ್ಲಿ ಚೆನ್ನಾಗಿಯೇ ಆಯಿತು. ಡಾಕ್ಟರರು ಒಳ್ಳೆಯವರು, ಹೊಲಿಗೆ ಬೇಗ ಒಣಗಿತು, ಸಕ್ಕರೆ ಏರಲಿಲ್ಲ, ಮಳೆಗಾಲವೂ ಮುಗಿದಿತ್ತು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಸಣ್ಣ ಮಾತಲ್ಲ ಎಂದು ನಾನು ಒಂದೊಂದಕ್ಕೂ ಬೇರೆ ಬೇರೆ ನಮಸ್ಕಾರ ಮಾಡಿದೆ. ಒಟ್ಟಿಗೆ ಒಂದೇ ನಮಸ್ಕಾರ ಮಾಡಿದರೆ ದೇವರಿಗೆ ಯಾವುದಕ್ಕೆ ಎಂದು ಗೊತ್ತಾಗದೆ ಹೋದರೆ?

ಮನೆಗೆ ಬಂದ ಮೇಲೆ ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ನಡೆಯುತ್ತಿದ್ದರು. ಒಂದು ದಿನ ಮಲಗುವ ಕೋಣೆಯ ಹೊಸ್ತಿಲಿಗೆ ವಾಕರಿನ ಕಾಲು ಸಿಕ್ಕಿಕೊಂಡಿತು. ನಮ್ಮದು ಹಳೆಯ ಕಾಲದ ಎತ್ತರದ ಹೊಸ್ತಿಲು, ಅರಸಿನ ಕುಂಕುಮ ಹಚ್ಚಿ ಪೂಜೆ ಮಾಡುವಂಥದ್ದು. ಇವರು ಬೀಳಲಿಲ್ಲ, ಬಾಗಿಲಿನ ಪಕ್ಕದ ಕಪಾಟು ಹಿಡಿದು ನಿಂತರು. ಬಿದ್ದಿದ್ದರೆ ನೋವಿನ ಜೊತೆಗೆ ಹೆದರಿಕೆಯೂ ಇಳಿದುಹೋಗುತ್ತಿತ್ತೋ ಏನೋ. ಬೀಳದೆ ಇದ್ದದ್ದರಿಂದ ಹೆದರಿಕೆ ಹಾಗೇ ಒಳಗೆ ಉಳಿಯಿತು. ಆಮೇಲೆ ಆ ಹೊಸ್ತಿಲು ದಾಟಲೇ ಇಲ್ಲ. ಬಚ್ಚಲು ಕೋಣೆಗೆ ಸೇರಿಕೊಂಡೇ ಇತ್ತು, ಊಟ ತಿಂಡಿ ನಾನು ಒಳಗೆ ಕೊಡುತ್ತಿದ್ದೆ. ಹೊರಗೆ ಬನ್ನಿ ಎಂದರೆ ಇವತ್ತು ಏಕಾದಶಿ, ನಿಶ್ಶಕ್ತಿ ಅನ್ನುವರು. ಮರುದಿನ ಊಟ ಹೆಚ್ಚಾಯಿತು ಅನ್ನುವರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯ ಹೆಂಗಸು ಒಂದು ದಿನ ನನ್ನನ್ನು ಜಗಲಿಗೆ ಕರೆದು ಮೆಲ್ಲಗೆ ಹೇಳಿದರು: "ಅಮ್ಮ, ಹಾಸಿಗೆಯಲ್ಲಿ ಕಾಲು ಎತ್ತಿ ಇಳಿಸಿದರೆ ಸಾಲದು. ಈಗ ನಡೆಯದಿದ್ದರೆ ಕಾಲು ಹೀಗೇ ಗಟ್ಟಿಯಾಗಿ ನಿಲ್ಲುತ್ತದೆ. ಮತ್ತೆ ನನ್ನ ಹತ್ತಿರ ಮದ್ದಿಲ್ಲ." ಆ ರಾತ್ರಿ ಚಪಾತಿ ಲಟ್ಟಿಸುವಾಗ ಒಂದೂ ಉರುಟಾಗಿ ಬರಲಿಲ್ಲ.

ಈ ನಡುವೆ ಶ್ರಾವ್ಯಳಿಗೆ ಹೊಸ ಪಾಠ ಸುರುವಾಯಿತು. ಹಿಂದೆ ದಿನಾ ಮಾಡುತ್ತಿದ್ದ ಕೆಲಸಗಳನ್ನು ಹೇಳುವ ಕಾಲ. ಒಮ್ಮೆ ಮಾಡಿ ಮುಗಿಸಿದ್ದಕ್ಕೆ ಬೇರೆ ರೂಪ, ಹೀಗೆ ಅಭ್ಯಾಸವಾಗಿ ಮಾಡುತ್ತಾ ಇದ್ದದ್ದಕ್ಕೆ ಬೇರೆ ರೂಪವಂತೆ. ಪಾಠಕ್ಕೆ ಕೊಟ್ಟ ಕ್ರಿಯಾಪದ 'ಕಾಮಿನಾರ್'. ಅರ್ಥ, ನೋಡಿ ದೇವರ ಆಟ, ನಡೆಯುವುದು. ಇದು ಬಹಳ ಸಾಧು ಕ್ರಿಯಾಪದ, ಅಡ್ಡದಾರಿ ಹಿಡಿಯುವುದಿಲ್ಲ, ಕೊನೆಯ 'ಆರ್' ತೆಗೆದು ಬಾಲ ಅಂಟಿಸಿದರೆ ಆಯಿತು ಎಂದಳು. ನಾನು ನಡೆಯುತ್ತಿದ್ದೆ, ಕಾಮಿನಾಬಾ. ನೀನು ನಡೆಯುತ್ತಿದ್ದಿ, ಕಾಮಿನಾಬಾಸ್. ಅವನು ನಡೆಯುತ್ತಿದ್ದ, ಮತ್ತೆ ಕಾಮಿನಾಬಾ. ನಾವು, ಕಾಮಿನಾಬಾಮೋಸ್. ನೀವು, ಕಾಮಿನಾಬಾಯಿಸ್. ಅವರು, ಕಾಮಿನಾಬಾನ್. ನನಗೂ ಅವನಿಗೂ ಒಂದೇ ರೂಪವಾ ಎಂದು ಕೇಳಿದೆ. ಹೌದು ಎಂದಳು. ಉಳಿತಾಯ ಗೊತ್ತಿರುವ ಜನ, ಒಳ್ಳೆಯದೇ ಆಯಿತು ಎಂದುಕೊಂಡೆ.

ಈ ಕಾಲ ನನಗೆ ಹಿಡಿಸಿತು ಎಂದರೆ ನಗಬೇಡಿ. 'ಮಾಡುತ್ತಿದ್ದೆವು' ಎಂದು ಹೇಳುವಾಗ ಹೆಚ್ಚಿನವರಿಗೆ ಕಣ್ಣಲ್ಲಿ ನೀರು ಬರುತ್ತದೆ. ನಾನು ಮಾತ್ರ ಕುಕ್ಕುಂದೂರಿನ ತಾಯಿಮನೆಯನ್ನು ನೆನೆದು ಮಾಡುತ್ತಿದ್ದ ಕೆಲಸಗಳನ್ನು ಹೇಳಿಕೊಂಡರೆ ಕೈ ತಾನಾಗಿ ಮುಗಿಯುತ್ತದೆ. ಆಳದ ಬಾವಿಯಿಂದ ನೀರು ಸೇದುತ್ತಿದ್ದೆವು, ಈಗ ನಲ್ಲಿ ತಿರುಗಿಸುತ್ತೇನೆ. ರುಬ್ಬುವ ಕಲ್ಲಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದೆವು, ಈಗ ಗುಂಡಿ ಒತ್ತಿ ಹೂ ಕಟ್ಟುತ್ತೇನೆ. ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದೆವು. ಇವೆಲ್ಲ ಆ ಕಾಲದೊಳಗೇ ಇರಲಿ, ಅಲ್ಲಿಂದ ಹೊರಗೆ ಬರುವುದು ಬೇಡ. ಹಳೆಯ ಕಾಲವೇ ಚಂದ ಎನ್ನುವವರನ್ನು ಒಂದು ವಾರ ಆ ಕಲ್ಲಿನ ಮುಂದೆ ಕೂರಿಸಬೇಕು.

ತೊಂದರೆ ಆದದ್ದು ಮೌಖಿಕ ಪರೀಕ್ಷೆಯಿಂದ. ಮನೆಯ ಒಬ್ಬರು ಹಿಂದೆ ದಿನಾ ಎಂತೆಂತ ಮಾಡುತ್ತಿದ್ದರು ಎಂದು ಈ ಕಾಲದಲ್ಲಿ ಮಾತಾಡಬೇಕಿತ್ತು. ಶ್ರಾವ್ಯ ಅಪ್ಪನನ್ನು ಆರಿಸಿಕೊಂಡಳು. ಇವರ ಹಾಸಿಗೆಯ ಪಕ್ಕ ಸ್ಟೂಲು ಹಾಕಿ ಕೂತು, ಸ್ಪ್ಯಾನಿಷಿನಲ್ಲಿ ಒಂದೊಂದು ವಾಕ್ಯ ಹೇಳಿ ಅರ್ಥ ಬಿಡಿಸಿದಳು. ಅಪ್ಪ ನಡೆಯುತ್ತಿದ್ದ. ಅಪ್ಪ ದಿನಾ ದೇವಸ್ಥಾನಕ್ಕೆ ನಡೆಯುತ್ತಿದ್ದ. ಮಳೆಯಲ್ಲೂ ನಡೆಯುತ್ತಿದ್ದ. ಮೊದಲು ನನಗೆ ಚುಚ್ಚಿದ್ದು ಏಕವಚನ. ಹೆತ್ತ ಅಪ್ಪನಿಗೆ 'ನಡೆಯುತ್ತಿದ್ದ' ಎನ್ನುವುದುಂಟಾ ಎಂದರೆ, ಬಹುವಚನ ಹಾಕಿದರೆ ಟೀಚರು ನನಗೆ ಇಬ್ಬರು ಅಪ್ಪಂದಿರು ಅಂದುಕೊಳ್ಳುತ್ತಾರೆ ಅಮ್ಮ ಎಂದಳು. ಅದನ್ನು ನುಂಗಿಕೊಂಡೆ. ನುಂಗಲಾಗದೆ ಹೋದದ್ದು ಉಳಿದದ್ದು. ಎದುರು ಕೂತಿರುವ ಮನುಷ್ಯನನ್ನು ಹೀಗೆ ಹೋದವರ ಲೆಕ್ಕಕ್ಕೆ ಸೇರಿಸಿ ಮಾತಾಡುವುದು ನಮ್ಮಲ್ಲಿ ಇಲ್ಲ. ದೀಪ ಆರಿಸು ಎಂದು ಕೂಡ ಬಾಯಿಬಿಟ್ಟು ಹೇಳದವರು ನಾವು. ಬೇರೆಯವರ ಮೇಲೆ ಹೇಳು, ನನ್ನ ಮೇಲೆ ಬೇಕಾದರೂ ಹೇಳು ಎಂದೆ. ಅಮ್ಮ ಅಡುಗೆ ಮಾಡುತ್ತಿದ್ದಳು ಎಂದು ಸುರು ಮಾಡಿದಳು. ಹಾಗಾದರೆ ಈಗ ಮಾಡುವುದು ಯಾರು ಎಂದು ಕೇಳಿ ಅದನ್ನೂ ನಾನೇ ನಿಲ್ಲಿಸಿದೆ.

ಇವರು ಜಗಳ ಮಾಡುತ್ತಾರೆ ಎಂದು ಕಾದೆ. ಗಣಿತದ ಮಾಸ್ಟ್ರು, ತಪ್ಪು ಹೇಳಿಕೆಯನ್ನು ಸುಮ್ಮನೆ ಬಿಡುವವರಲ್ಲ. ಆದರೆ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು: "ಅವಳು ಹೇಳುವುದರಲ್ಲಿ ತಪ್ಪೆಂತ ಉಂಟು? ನಡೆಯುತ್ತಿದ್ದೆ. ಸರಿಯಾಗಿಯೇ ಉಂಟಲ್ಲ. ಹೇಳಲಿ."

ಆ ಮಾತು ಕೇಳಿ ದೇವರ ಕೋಣೆಗೆ ಹೋಗಿ, ಈ ವಾಕ್ಯಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಕೃಷ್ಣಾ, ಇದು ಪರೀಕ್ಷೆಗೆ ಮಾತ್ರ ಎಂದು ಕೇಳಿಕೊಂಡೆ. ಆದರೂ ಸಮಾಧಾನವಾಗದೆ ಕಾಪುವಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಎಂದರೆ ಸಮಾಧಾನಕ್ಕೆ ಮಾಡಿದ ಫೋನನ್ನು ಇನ್ನೊಂದು ಹೆದರಿಕೆ ಕೊಟ್ಟು ಇಡುವವಳು. ಸಂಜೆ ಹೊತ್ತು ಅಸ್ತು ದೇವತೆಗಳು ಓಡಾಡುತ್ತಾ ಇರುತ್ತಾರೆ, ನಾವು ಎಂತ ಹೇಳಿದರೂ ಅಸ್ತು ಎಂದುಬಿಡುತ್ತಾರೆ, ಆ ಮಾತನ್ನು ನಿನ್ನ ಬಾಯಲ್ಲಿ ಮಾತ್ರ ತರಬೇಡ ಎಂದಳು. ಹೇಳುವುದು ಸ್ಪ್ಯಾನಿಷಿನಲ್ಲಲ್ವಾ ಎಂದು ನಾನು ಸಣ್ಣ ಸ್ವರದಲ್ಲಿ ಕೇಳಿದೆ.

"ದೇವತೆಗಳಿಗೆ ಬಾರದ ಭಾಷೆ ಉಂಟಾ ಮಾರಾಯ್ತಿ?" ಎಂದಳು ಅಕ್ಕ.

ಆದರೆ ಬಾಯಲ್ಲಿ ತರದೆ ಇರುವುದು ಹೇಗೆ? ಅಷ್ಟರಲ್ಲಿ ಒಂದು ಅನಾಹುತ ನಾನೇ ಮಾಡಿಟ್ಟಿದ್ದೆ. ಶ್ರಾವ್ಯಳಿಗೆ ಆರು ರೂಪಗಳು ಸಾಲಾಗಿ ನೆನಪಿರುತ್ತಿರಲಿಲ್ಲ, 'ನೀವು' ಬಂದ ಕೂಡಲೇ ತಡವರಿಸುತ್ತಿದ್ದಳು. ನಾವು ಚಿಕ್ಕಂದಿನಲ್ಲಿ ಕಲಿತದ್ದೆಲ್ಲ ರಾಗದಲ್ಲೇ ಅಲ್ಲವೇ, ಮಗ್ಗಿಯೂ ನಕ್ಷತ್ರಗಳೂ ಹಾಗೇ. ಆದ್ದರಿಂದ ಭಜನೆಯಲ್ಲಿ ಹೇಳುವ ಒಂದು ನಾಮಾವಳಿಯ ಧಾಟಿಗೆ ಈ ಆರನ್ನೂ ಕೂರಿಸಿಕೊಟ್ಟಿದ್ದೆ. ಅಚ್ಚುಕಟ್ಟಾಗಿ ಕೂತಿತು. ಮಗಳು ಒಂದೇ ದಿನದಲ್ಲಿ ಕಲಿತಳು. ನನ್ನ ಬಾಯಿಂದ ಅದು ಹೋಗಲೇ ಇಲ್ಲ. ತೆಂಗಿನಕಾಯಿ ತುರಿಯುವಾಗ, ಬಟ್ಟೆ ಒಣಗಿಸುವಾಗ ಬಾಯಿ ಅದನ್ನೇ ಗುನುಗುತ್ತದೆ. ನಿಲ್ಲಿಸಬೇಕೆಂದು ವಿಷ್ಣುಸಹಸ್ರನಾಮ ಹಿಡಿದರೆ ಸಹಸ್ರನಾಮದ ಸಂದಿಯಲ್ಲೂ ಅದು ಇಣುಕುತ್ತಿತ್ತು.

ಶುಕ್ರವಾರ ಸಂಜೆ ನಮ್ಮ ಬೀದಿಯ ಹೆಂಗಸರ ಭಜನೆ ಇರುತ್ತದೆ, ವಾರಕ್ಕೊಂದು ಮನೆಯಲ್ಲಿ. ಆ ವಾರ ನಮ್ಮ ಮನೆ. ಯಾರ ಮನೆಯೋ ಆ ಮನೆಯ ಹೆಂಗಸು ಮುಂದಿನಿಂದ ಹೇಳಿಕೊಡಬೇಕು, ಉಳಿದವರು ಹಿಂದಿನಿಂದ ಹೇಳಬೇಕು ಎಂದು ಕ್ರಮ. ಮುಂದಿನವರು ಕೊಟ್ಟದ್ದನ್ನು ಹಿಂದಿನವರು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆ, ಅರ್ಥ ಕೇಳುವುದಿಲ್ಲ. ದೇವರ ಹೆಸರು ತಾನೇ, ಯಾವುದಾದರೂ ಒಳ್ಳೆಯದೇ ಎಂಬ ನಂಬಿಕೆ. ಇನ್ನೊಂದು ಕ್ರಮವೂ ಉಂಟು, ಹಿಡಿದ ನಾಮವನ್ನು ಅರ್ಧಕ್ಕೆ ಬಿಡಬಾರದು. ದೀಪ ಹಚ್ಚಿ, ಗಣಪತಿಯನ್ನು ಮುಗಿಸಿ, ಕೃಷ್ಣನ ನಾಮಾವಳಿಗೆ ಬಂದೆವು. ಮೂಲೆಯ ಮನೆಯ ಪದ್ಮಕ್ಕ ತಾಳ ಹಿಡಿದಿದ್ದರು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ತಾಳ ಕೈಗೆ ಬಂದರೆ ಲೋಕ ಮರೆಯುವವರು. ನನ್ನ ಮನಸ್ಸು ಮಾತ್ರ ಅಲ್ಲಿರಲಿಲ್ಲ. ಅರ್ಧ ಒಲೆಯ ಮೇಲಿದ್ದ ಕಡಲೆ ಉಸುಳಿಯಲ್ಲಿ, ಅರ್ಧ ಆ ಫಿಸಿಯೋಥೆರಪಿಯ ಹೆಂಗಸಿನ ಮಾತಿನಲ್ಲಿ. ಧಾಟಿ ಒಂದೇ ಇತ್ತಲ್ಲ, ಬಾಯಿ ತನಗೆ ಅಭ್ಯಾಸವಾದ ದಾರಿ ಹಿಡಿಯಿತು.

'ಕಾಮಿನಾಬಾ, ಕಾಮಿನಾಬಾಸ್' ಎಂದು ಕೊಟ್ಟುಬಿಟ್ಟೆ. ಹಿಂದಿನಿಂದ ಇಡೀ ಮಂಡಳಿ ಒಂದೇ ಸ್ವರದಲ್ಲಿ ತೆಗೆದುಕೊಂಡಿತು. ನನಗೆ ಎಚ್ಚರವಾದದ್ದು 'ಕಾಮಿನಾಬಾಮೋಸ್' ಎಂಬಲ್ಲಿ, ಅಷ್ಟರಲ್ಲಿ ಅರ್ಧ ದಾಟಿ ಆಗಿತ್ತು. ನಿಲ್ಲಿಸುವ ಎಂದರೆ ಅರ್ಧಕ್ಕೆ ಬಿಡಬಾರದು. ಮುಂದುವರಿಸುವ ಎಂದರೆ ಮುಸ್ಸಂಜೆ, ಉರಿಯುವ ದೀಪದ ಎದುರು, ಬಾಗಿಲಲ್ಲಿ ಅಸ್ತು ದೇವತೆಗಳು. ಬೆವರು ಒರೆಸಿಕೊಂಡು ಆರನ್ನೂ ಮುಗಿಸಿದೆ, ಮುಗಿಯಿತಲ್ಲ ಎಂದು ಉಸಿರು ಬಿಟ್ಟೆ. ಆದರೆ ಪದ್ಮಕ್ಕನಿಗೆ ಈ ನಾಮ ಬಹಳ ಹಿಡಿಸಿಬಿಟ್ಟಿತ್ತು. ತಾಳದ ಓಟ ಜೋರು ಮಾಡಿ, ತಾವೇ ಮೊದಲಿನಿಂದ ಎತ್ತಿಕೊಂಡರು. ಮಂಡಳಿ ಹಿಂದೆ ಬಿತ್ತು. ನಾನು ನಡೆಯುತ್ತಿದ್ದೆ, ನೀನು ನಡೆಯುತ್ತಿದ್ದಿ, ಅವನು ನಡೆಯುತ್ತಿದ್ದ ಎಂದು ನಮ್ಮ ಬೀದಿಯ ಅಷ್ಟೂ ಹೆಂಗಸರು ತಲೆದೂಗುತ್ತಾ ಚಪ್ಪಾಳೆ ತಟ್ಟುತ್ತಾ ಹೇಳುತ್ತಿದ್ದರೆ, ನಾನು ಮನಸ್ಸಿನಲ್ಲೇ ಕೃಷ್ಣಾ ಇದು ಲೆಕ್ಕಕ್ಕಿಲ್ಲ, ಇದೂ ಲೆಕ್ಕಕ್ಕಿಲ್ಲ ಎನ್ನುತ್ತಿದ್ದೆ. ಶ್ರಾವ್ಯ ಗೋಡೆಯ ಕಡೆ ತಿರುಗಿ ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡಿದ್ದಳು.

ಒಮ್ಮೆಲೇ ಅವಳ ನಗು ನಿಂತಿತು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಕೋಣೆಯ ಬಾಗಿಲಿನ ದಾರಂದ ಹಿಡಿದು ಇವರು ನಿಂತಿದ್ದರು. ಮುಖ ಕೆಂಪಾಗಿತ್ತು. ತಾಳ ನಿಂತಿತು.

"ಎಂತ ಇದು?" ಎಂದರು ನನ್ನನ್ನೇ ನೋಡಿ. "ಮನೆಯೊಳಗೆ ಹೇಳಿದ್ದು ಸಾಲದೆ ಈಗ ಬೀದಿಯವರನ್ನು ಕೂರಿಸಿಕೊಂಡು ಹೇಳಿಸುವುದಾ? ನಡೆಯುತ್ತಿದ್ದ, ನಡೆಯುತ್ತಿದ್ದ ಅಂತ. ನಾನೆಂತ ಮುಗಿದು ಹೋದೆನಾ?"

ಶ್ರಾವ್ಯ ಎದ್ದು, ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ ಹೇಳಿದಳು: "ಅಪ್ಪ, ನೀವು ಹೊಸ್ತಿಲಿನ ಈಚೆ ಇದ್ದೀರಿ."

ಇವರು ಬಗ್ಗಿ ನೋಡಿದರು. ಹೊಸ್ತಿಲು ಹಿಂದೆ ಇತ್ತು. ವಾಕರ್ ಅದರಿಂದಲೂ ಹಿಂದೆ, ಮಂಚದ ಪಕ್ಕ ಇತ್ತು. ಸಿಟ್ಟಿನ ಭರದಲ್ಲಿ ಎರಡನ್ನೂ ಬಿಟ್ಟು ಬಂದಿದ್ದರು. ಸ್ವಲ್ಪ ಹೊತ್ತು ತಮ್ಮ ಕಾಲನ್ನೇ, ಯಾರದೋ ಕಾಲು ಎಂಬಂತೆ ನೋಡಿದರು. ಆಮೇಲೆ ಏನೂ ಆಗದವರ ಹಾಗೆ, "ಕುರ್ಚಿ ಕೊಡು. ಬಂದದ್ದು ಬಂದೆ, ಮಂಗಳಾರತಿ ಮುಗಿಸಿಯೇ ಹೋಗುತ್ತೇನೆ" ಎಂದರು. ಕುರ್ಚಿಯವರೆಗೆ ತಾವೇ ನಡೆದರು. ಆ ದಿನ ಆರತಿ ಎತ್ತುವಾಗ ನಾನು ನೋಡಿದ್ದು ದೇವರನ್ನೋ ಕುರ್ಚಿಯನ್ನೋ ಎಂದು ದೇವರಿಗೇ ಗೊತ್ತು. ಹಿಂದೆ ಕೋಣೆಗೆ ಹೋಗುವಾಗ ಮಾತ್ರ ಸಿಟ್ಟೂ ಇಳಿದಿತ್ತು, ಧೈರ್ಯವೂ ಇಳಿದಿತ್ತು. ವಾಕರೂ ಬೇಕಾಯಿತು, ನಾವಿಬ್ಬರೂ ಬೇಕಾದೆವು. ಆದರೆ ಮರುದಿನ ಬೆಳಿಗ್ಗೆ ಕಾಫಿ ಒಳಗೆ ಕೊಂಡುಹೋದರೆ, ಜಗಲಿಯಲ್ಲಿ ಕುಡಿಯುತ್ತೇನೆ ಎಂದರು. ನಾನು ಕಾಫಿಯ ಲೋಟ ಹಿಡಿದುಕೊಂಡೇ ಹೊಸ್ತಿಲಿಗೆ ನಮಸ್ಕಾರ ಮಾಡಿದೆ.

ಭಜನೆಯ ಸಂಜೆ ಉಸುಳಿ ತಳ ಹಿಡಿದದ್ದನ್ನು ಯಾರೂ ಗಮನಿಸಲಿಲ್ಲ, ಅದೂ ಒಂದು ಉಪಕಾರ. ಹೊರಡುವಾಗ ಪದ್ಮಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೂ ಗಂಟುನೋವು ಬಹಳ ವರ್ಷದಿಂದ. ಅದು ಯಾವ ದೇವರ ನಾಮ ಸುಮತಿ, ನನಗೂ ಬರೆದುಕೊಡು ಎಂದರು. ದೇವರ ದೀಪದ ಎದುರು ಒಂದು ಎಡವಟ್ಟು ಮಾಡಿದ ಮೇಲೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಇದು ನಾಮ ಅಲ್ಲ, ಮಗಳ ಕಾಲೇಜಿನ ಪಾಠ, ಸ್ಪ್ಯಾನಿಷ್ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಪದ್ಮಕ್ಕ ಸ್ವಲ್ಪ ಯೋಚನೆ ಮಾಡಿದರು. "ಆಗಲಿ, ಮಾಸ್ಟ್ರು ಎದ್ದು ಬಂದರಲ್ವಾ? ನೀನು ಬರೆದುಕೊಡು" ಎಂದರು. ಬರೆದುಕೊಟ್ಟೆ. ಅವರ ಗಂಟುನೋವು ಹಾಗೆಯೇ ಉಂಟು. ಆದರೆ ಉಚ್ಚಾರಣೆ ನಮ್ಮೆಲ್ಲರಿಗಿಂತ ಸ್ಪಷ್ಟ ಎಂದು ಶ್ರಾವ್ಯ ಸರ್ಟಿಫಿಕೇಟು ಕೊಟ್ಟಿದ್ದಾಳೆ.

ಅಕ್ಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದರೆ, ಅಸ್ತು ದೇವತೆಗಳು ಆ ಹೊತ್ತಿಗೆ ಬೇರೆ ಬೀದಿಯಲ್ಲಿ ಇದ್ದಿರಬೇಕು, ನಿನ್ನ ಪುಣ್ಯ ಎಂದಳು. ಮೌಖಿಕ ಪರೀಕ್ಷೆಯೂ ಚೆನ್ನಾಗಿ ಆಯಿತು. ಶ್ರಾವ್ಯ ಅಪ್ಪನ ಮೇಲೆಯೇ ಮಾತಾಡಿದಳು. ಎಲ್ಲ ವಾಕ್ಯಗಳನ್ನೂ ಆ ಕಾಲದಲ್ಲೇ ಹೇಳಿ, ಕೊನೆಗೆ ತಡೆಯಲಾಗದೆ, ಈಗಲೂ ನಡೆಯುತ್ತಾರೆ ಎಂದು ಒಂದು ವಾಕ್ಯ ಸೇರಿಸಿದಳಂತೆ. ಪ್ರಶ್ನೆ ಹಿಂದಿನ ಕಾಲದ್ದು ಮಾತ್ರ, ಈಗಿನದು ಯಾರು ಕೇಳಿದರು ಎಂದು ಟೀಚರು ಅಂಕ ಕಳೆದರು. ಮಗಳ ಅಂಕ ಕಡಿಮೆಯಾದದ್ದಕ್ಕೆ ತುಪ್ಪದ ದೀಪ ಹಚ್ಚಿದ ತಾಯಿ ಉಡುಪಿಯಲ್ಲಿ ನಾನೊಬ್ಬಳೇ ಇರಬೇಕು.

ಈಗ ಇವರು ಕೋಲು ಹಿಡಿದು ಗೇಟಿನ ಹೊರಗೂ ಹೋಗುತ್ತಾರೆ. ರಥಬೀದಿಯವರೆಗೆ ಒಂದೇ ಉಸಿರಿಗೆ ಆಗುವುದಿಲ್ಲ, ನಡುವೆ ಗುರುತಿನ ಅಂಗಡಿಯಲ್ಲಿ ಕೂತು, ಮತ್ತೆ ಎದ್ದು ಹೋಗುತ್ತಾರೆ. ಹೊರಡುವ ಮೊದಲು ದಿನಾ ನನ್ನನ್ನು ಕರೆಯುತ್ತಾರೆ, ಒಬ್ಬನೇ ಹೋಗುವುದಕ್ಕಿಂತ ನೀನೂ ಬಾ, ಮೆಲ್ಲ ಹೋಗುವ ಎಂದು. ಹಾಲಿನವನು ಬರುವ ಹೊತ್ತಾಯಿತು, ಒಲೆಯಲ್ಲಿ ನೀರುಂಟು, ಪೂಜೆಗೆ ಹೂ ಕೊಯ್ಯಬೇಕು ಎಂದು ನನ್ನ ಬಾಯಿ ಒಂದೊಂದು ದಿನ ಒಂದೊಂದು ಹೇಳುತ್ತದೆ. ನಡೆಯಿರಿ ನಡೆಯಿರಿ ಎಂದು ಅಷ್ಟು ದಿನ ಅವರ ಹಿಂದೆ ಬಿದ್ದವಳು, ತಿಂಗಳಿಗೊಮ್ಮೆ ದೇವರ ದರ್ಶನಕ್ಕೆ ಹೋಗುವುದು ಆಟೋದಲ್ಲಿ. ಮೊನ್ನೆ ಗೇಟಿನ ಹತ್ತಿರ ನಿಂತು, ನಿನ್ನ ಕಾಲಿಗೆ ಎಂತ ಆಗಿದೆ ಎಂದು ಕೇಳಿದರು. ಎಂತದೂ ಆಗಿಲ್ಲ, ದೇವರ ದಯೆ. ನನ್ನ ಎರಡು ಕಾಲೂ ಇಷ್ಟು ವರ್ಷವಾದರೂ ಒಂದು ಚೂರೂ ಸವೆದಿಲ್ಲ. ಅವನು ಕೊಟ್ಟದ್ದನ್ನು ಮುಟ್ಟದೆ, ಹೊಸದರ ಹಾಗೆ ಜೋಪಾನವಾಗಿ ಇಟ್ಟಿದ್ದೇನೆ.